ಕೇಳಿಸುತ್ತದೆ, ಆದರೆ ಅರ್ಥವಾಗುವುದಿಲ್ಲ: ಕಿವಿಯೊಳಗೆ ನಡೆಯುವುದೇನು?



ಹೃದಯದ ಡಾಕ್ಟರಿಗೆ ಕಿವಿಯ ಉಸಾಬರಿ ಯಾಕೆ ಎಂದು ನಿಮ್ಮಲ್ಲಿ ಕೆಲವರಾದರೂ ಕೇಳುತ್ತೀರಿ. ಕಾರಣ ಇದೆ. ನನ್ನ ಓಪಿಡಿಗೆ ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಜೊತೆಗೆ ಮಗನೋ ಸೊಸೆಯೋ ಬಂದಿರುತ್ತಾರೆ. ನಾನು ಪ್ರಶ್ನೆ ಕೇಳುವುದು ಹಿರಿಯರನ್ನು, ಉತ್ತರ ಬರುವುದು ಪಕ್ಕದ ಕುರ್ಚಿಯಿಂದ. "ಅವರಿಗೆ ಕಿವಿ ಸ್ವಲ್ಪ ಮಂದ ಡಾಕ್ಟ್ರೇ. ಆದ್ರೆ ಬೇಕಾದ್ದು ಮಾತ್ರ ಸರಿಯಾಗಿ ಕೇಳಿಸುತ್ತೆ" ಎಂದು ನಗುತ್ತಾ ಹೇಳುತ್ತಾರೆ. ಹಿರಿಯರು ನಗುವುದಿಲ್ಲ.

ಈ "ಬೇಕಾದ್ದು ಮಾತ್ರ ಕೇಳಿಸುತ್ತೆ" ಎಂಬ ಮಾತು ನಮ್ಮ ಎಷ್ಟೋ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತದೆ. ಕಿವಿ ಹೇಗೆ ಕೆಲಸ ಮಾಡುತ್ತದೆ ಎಂದು ಒಮ್ಮೆ ತಿಳಿದರೆ ಆ ಮಾತು ಎಷ್ಟು ತಪ್ಪು ಎಂಬುದು ಗೊತ್ತಾಗುತ್ತದೆ. ಇನ್ನೊಂದು ವಿಷಯವೂ ಇದೆ. ಒಳಗಿವಿಗೆ ರಕ್ತ ತಲುಪುವ ರೀತಿ ನಮ್ಮ ಹೃದಯದ ಕಥೆಯನ್ನೇ ಹೋಲುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

*ಅಡುಗೆಮನೆಯಿಂದ ಕಿವಿಯವರೆಗೆ*

ಅಡುಗೆಮನೆಯಿಂದ ಸೊಸೆ "ಹಾಲು ಬಂತಾ?" ಎಂದು ಕೂಗುತ್ತಾಳೆ ಎಂದಿಟ್ಟುಕೊಳ್ಳಿ. ಅವಳ ಗಂಟಲಿನಿಂದ ಹೊರಟದ್ದು ಗಾಳಿಯ ಅಲುಗಾಟ, ಅಷ್ಟೇ. ಗಾಳಿಯ ಕಣಗಳು ಒಂದನ್ನೊಂದು ತಳ್ಳುತ್ತಾ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಆ ಅಲುಗಾಟವನ್ನು ಸಾಗಿಸುತ್ತವೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಅಲುಗುತ್ತದೆ ಎಂಬುದನ್ನು ಹರ್ಟ್ಸ್ ಎಂಬ ಅಳತೆಯಲ್ಲಿ ಹೇಳುತ್ತೇವೆ. ಕಡಿಮೆ ಹರ್ಟ್ಸ್ ಎಂದರೆ ತಬಲಾದ ಡಗ್ಗದಂಥ ತಗ್ಗು ದನಿ, ಹೆಚ್ಚು ಹರ್ಟ್ಸ್ ಎಂದರೆ ಕುಕ್ಕರಿನ ಸೀಟಿಯಂಥ ಚೂಪು ದನಿ. ಆರೋಗ್ಯವಂತ ಎಳೆಯ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು.

ಹೊರಗೆ ಕಾಣುವ ಕಿವಿಯ ಮಡಿಕೆಗಳು ಬರೀ ಓಲೆ ಹಾಕಿಕೊಳ್ಳಲು ಇರುವುದಲ್ಲ. ಸದ್ದು ಮೇಲಿನಿಂದ ಬಂತೋ, ಹಿಂದಿನಿಂದ ಬಂತೋ ಎಂಬುದಕ್ಕೆ ತಕ್ಕಂತೆ ಆ ಮಡಿಕೆಗಳು ಅದನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತವೆ, ಮಿದುಳು ಆ ಬದಲಾವಣೆಯನ್ನು ಗುರುತಿಸುತ್ತದೆ. ಅಲ್ಲಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕೊಳವೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಒಂದು ನಿರ್ದಿಷ್ಟ ಸ್ವರ ಮೊಳಗುತ್ತದಲ್ಲ, ಹಾಗೆಯೇ ಈ ಕೊಳವೆ 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗಿಯೇ ಜೋರು ಮಾಡುತ್ತದೆ. ಮಾತಿನ ಸ್ಪಷ್ಟತೆ ಅಡಗಿರುವುದು ಅಲ್ಲೇ.

ಕೊಳವೆಯ ಕೊನೆಗೆ ಕಿವಿತಮಟೆ. ಅದರ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆ, ಅದರಲ್ಲಿ ಸರಪಳಿಯಂತೆ ಜೋಡಿಸಿದ ಮೂರು ಮೂಳೆಗಳು: ಸುತ್ತಿಗೆ, ಅಡಿಗಲ್ಲು, ರಿಕಾಪು. ರಿಕಾಪು ಎಂದರೆ ಕುದುರೆ ಸವಾರ ಕಾಲಿಡುವ ಕಬ್ಬಿಣದ ಬಳೆ. ನೋಡಲು ಹಾಗೆಯೇ ಇದೆ. ಸುಮಾರು ಮೂರು ಮಿಲಿಮೀಟರ್ ಎತ್ತರ, ನಮ್ಮ ಮೈಯಲ್ಲೇ ಅತಿ ಚಿಕ್ಕ ಮೂಳೆ.

ಈ ಮೂಳೆಗಳು ಯಾಕೆ ಬೇಕು? ಕೆರೆಯಲ್ಲಿ ಮುಳುಗಿದವನಿಗೆ ದಂಡೆಯ ಮೇಲಿನವರ ಕೂಗು ಕೇಳಿಸುವುದಿಲ್ಲ. ಗಾಳಿಯ ಸದ್ದು ನೀರಿಗೆ ತಾಗಿದರೆ ಬಹುತೇಕ ಎಲ್ಲವೂ ಪುಟಿದು ವಾಪಸ್ ಹೋಗುತ್ತದೆ, ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಕ್ಕಿಳಿಯುತ್ತದೆ. ನಮ್ಮ ಒಳಗಿವಿಯಲ್ಲಿ ಇರುವುದು ನೀರಿನಂಥ ದ್ರವ. ಹಾಗಾಗಿ ಗಾಳಿಯ ಮೆಲು ತಳ್ಳಾಟವನ್ನು ಗಟ್ಟಿ ಒತ್ತಡವಾಗಿ ಮಾಡಿಕೊಡುವ ಮಧ್ಯವರ್ತಿ ಬೇಕು. ತಮಟೆಯ ವಿಸ್ತಾರ ದೊಡ್ಡದು, ರಿಕಾಪಿನ ಪಾದ ಅದರ ಹದಿನೇಳರಲ್ಲಿ ಒಂದು ಪಾಲು. ಅದೇ ಬಲ ಚಿಕ್ಕ ಜಾಗದ ಮೇಲೆ ಬಿದ್ದಾಗ ಒತ್ತಡ ಹೆಚ್ಚುತ್ತದೆ. ಬರಿಗೈಯಿಂದ ಗೋಡೆಗೆ ಒತ್ತುವುದಕ್ಕೂ ಮೊಳೆ ಇಟ್ಟು ಒತ್ತುವುದಕ್ಕೂ ಇರುವ ವ್ಯತ್ಯಾಸ ಇದು. ಮೂಳೆಗಳ ಸನ್ನೆಗೋಲಿನ ಲಾಭವೂ ಸೇರಿ ಒತ್ತಡ ಸುಮಾರು 20 ಪಟ್ಟು ಏರುತ್ತದೆ.

ಈ ಪುಟ್ಟ ಕೋಣೆಯಿಂದ ಗಂಟಲಿನ ಹಿಂಭಾಗಕ್ಕೆ ಒಂದು ನಳಿಕೆ ಇದೆ. ಮುಂಬೈಯಿಂದ ಪುಣೆಗೆ ಹೋಗುವಾಗ ಖಂಡಾಲಾ ಘಾಟಿನಲ್ಲಿ, ಊರಿಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಕಿವಿ ಗಪ್ ಎಂದು ಮುಚ್ಚಿ, ಎಂಜಲು ನುಂಗಿದಾಗ ಟಪ್ ಎಂದು ಬಿಡುವುದು ಇದರಿಂದಲೇ. ನೆಗಡಿಯಲ್ಲಿ ಕಿವಿ ಕಟ್ಟಿದಂತಾಗುವುದೂ ಇದು ಊದಿಕೊಂಡಾಗ. ಈ ಭಾಗದ ತೊಂದರೆಗಳನ್ನು, ಅಂದರೆ ಗುಗ್ಗೆ ತುಂಬುವುದು, ತಮಟೆ ತೂತಾಗುವುದು, ಮೂಳೆ ಬಿಗಿಯುವುದನ್ನು, ಇಎನ್‌ಟಿ ಡಾಕ್ಟರು ಬಹಳ ಮಟ್ಟಿಗೆ ಸರಿಪಡಿಸಬಲ್ಲರು. ನಿಜವಾದ ಕಷ್ಟ ಶುರುವಾಗುವುದು ಇನ್ನೂ ಒಳಗೆ.

*ಬಸವನಹುಳುವಿನ ಚಿಪ್ಪಿನೊಳಗೆ*

ಒಳಗಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುರುಳಿಯಾಗಿದೆ. ಬಿಡಿಸಿ ನೀಳ ಮಾಡಿದರೆ ಸುಮಾರು 35 ಮಿಲಿಮೀಟರ್. ಅದರ ಉದ್ದಕ್ಕೂ ಒಂದು ಪೊರೆ ಹಾಸಿದೆ. ರಿಕಾಪು ಒತ್ತಿದಾಗ ದ್ರವ ಅಲುಗಿ ಈ ಪೊರೆಯ ಮೇಲೆ ಅಲೆ ಏಳುತ್ತದೆ, ನೆಲದ ಮೇಲೆ ಬಿಟ್ಟ ಹಗ್ಗವನ್ನು ಒದರಿದಾಗ ಅಲೆ ಹರಿದು ಹೋಗುವಂತೆ.

ಪೊರೆ ಆರಂಭದಲ್ಲಿ ಕಿರಿದು, ಬಿಗಿ. ತುದಿಗೆ ಹೋಗುತ್ತಾ ಅಗಲ, ಸಡಿಲ. ಹೀಗಾಗಿ ಚೂಪು ದನಿಯ ಅಲೆ ಬಾಗಿಲ ಹತ್ತಿರವೇ ಎತ್ತರಕ್ಕೆ ಎದ್ದು ಅಲ್ಲೇ ಇಂಗುತ್ತದೆ, ತಗ್ಗು ದನಿಯ ಅಲೆ ತುದಿಯವರೆಗೂ ಸಾಗುತ್ತದೆ. ಹಾರ್ಮೋನಿಯಂ ಮನೆಗಳನ್ನು ಸಾಲಾಗಿ ಇಟ್ಟಂತೆ, ಒಂದೊಂದು ಸ್ವರಕ್ಕೆ ಪೊರೆಯ ಮೇಲೆ ಒಂದೊಂದು ಜಾಗ. ಇದನ್ನು ಕಣ್ಣಾರೆ ತೋರಿಸಿದವರು ಹಂಗೇರಿಯ ಗಿಯೋರ್ಗ್ ಫಾನ್ ಬೇಕೆಶಿ. ಅವರು ಬುಡಾಪೆಸ್ಟ್‌ನಲ್ಲಿ ಅಂಚೆ ಇಲಾಖೆಯ ಪ್ರಯೋಗಾಲಯದಲ್ಲಿದ್ದವರು. ಟೆಲಿಫೋನ್ ಸುಧಾರಿಸಬೇಕಾದರೆ ಅದನ್ನು ಕೇಳುವ ಕಿವಿ ಹೇಗಿದೆ ಎಂದು ತಿಳಿಯಬೇಕಲ್ಲವೇ ಎಂಬ ಯೋಚನೆಯಿಂದ ಶವಗಳ ಕಿವಿಯನ್ನು ಬಿಡಿಸಿ ನೋಡತೊಡಗಿದರು. ಅದಕ್ಕಾಗಿ 1961ರಲ್ಲಿ ವೈದ್ಯಕೀಯದ ನೊಬೆಲ್ ಬಂತು. ಅವರು ವೈದ್ಯರಲ್ಲ, ಭೌತವಿಜ್ಞಾನಿ.

ಆದರೆ ಶವದ ಕಿವಿಯಲ್ಲಿ ಕಂಡ ಅಲೆ ತೀರಾ ದಪ್ಪ, ಮೊಂಡು. ಅಷ್ಟರಿಂದ ಪಕ್ಕಪಕ್ಕದ ಎರಡು ಶ್ರುತಿಗಳ ವ್ಯತ್ಯಾಸ ಹಿಡಿಯಲು ಸಾಧ್ಯವಿಲ್ಲ. ಜೀವಂತ ಕಿವಿಯಲ್ಲಿ ಇನ್ನೇನೋ ಇರಬೇಕು ಎಂದು ಥಾಮಸ್ ಗೋಲ್ಡ್ ಎಂಬ ವಿಜ್ಞಾನಿ 1948ರಲ್ಲೇ ಹೇಳಿದ್ದರು. ಕಿವಿ ಬರೀ ಸದ್ದನ್ನು ಸ್ವೀಕರಿಸುವುದಿಲ್ಲ, ತಾನೂ ಶಕ್ತಿ ಹಾಕಿ ಅದನ್ನು ಹಿಗ್ಗಿಸುತ್ತದೆ ಎಂಬುದು ಅವರ ವಾದ. ಆಗ ಯಾರೂ ಕಿವಿಗೊಡಲಿಲ್ಲ. 1978ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಕೆಂಪ್ ಕಿವಿಯೊಳಗೆ ಪುಟ್ಟ ಮೈಕ್ ಇಟ್ಟು ನೋಡಿದಾಗ ಕಿವಿಯೊಳಗಿಂದಲೇ ಸಣ್ಣ ಸದ್ದು ಹೊರಗೆ ಬರುತ್ತಿತ್ತು! ಗೋಲ್ಡ್ ಹೇಳಿದ್ದು ಸರಿಯಾಗಿತ್ತು. ಈಗ ಹುಟ್ಟಿದ ಮಗುವಿನ ಕಿವಿಗೆ ಒಂದು ಮೆತ್ತನೆಯ ಬಿರಡೆ ಇಟ್ಟು ಕೆಲವೇ ನಿಮಿಷದಲ್ಲಿ ಮಾಡುವ ಓಎಇ ಪರೀಕ್ಷೆ ಇದೇ ಪ್ರತಿದನಿಯನ್ನು ಅಳೆಯುತ್ತದೆ. ನಿಮ್ಮ ಮನೆಯಲ್ಲಿ ಈಚೆಗೆ ಮಗು ಹುಟ್ಟಿದ್ದರೆ ಆ ಪರೀಕ್ಷೆ ಆಗಿದೆಯೇ ಎಂದು ಡಿಸ್ಚಾರ್ಜ್ ಕಾಗದದಲ್ಲಿ ನೋಡಿ.

ಶಕ್ತಿ ಹಾಕುವವರು ಯಾರು? ಪೊರೆಯ ಮೇಲೆ ಸಾಲಾಗಿ ನಿಂತ ರೋಮಕೋಶಗಳು. ಒಂದೊಂದು ಕಿವಿಯಲ್ಲಿ ಒಳಸಾಲಿನವು ಸುಮಾರು 3,500, ಹೊರಸಾಲಿನವು ಸುಮಾರು 12,000. ಒಳಸಾಲಿನವು ಸುದ್ದಿಗಾರರು, ಅವುಗಳ ತಲೆಯ ಮೇಲಿನ ಸೂಕ್ಷ್ಮ ರೋಮ ಬಾಗಿದಾಗ ಪೊಟ್ಯಾಶಿಯಂ ಒಳನುಗ್ಗಿ ವಿದ್ಯುತ್ ಸಂಕೇತ ಹುಟ್ಟುತ್ತದೆ, ನರದ ಮೂಲಕ ಮಿದುಳಿಗೆ ಹೋಗುತ್ತದೆ. ಅತಿ ಮೆಲು ಸದ್ದಿಗೆ ಈ ರೋಮ ಅಲುಗುವುದು ಪರಮಾಣುವಿನ ಅಳತೆಯಷ್ಟು ಮಾತ್ರ. ಹೊರಸಾಲಿನ ಕೋಶಗಳ ಕೆಲಸ ಬೇರೆ. ಸದ್ದಿನ ತಾಳಕ್ಕೆ ಸರಿಯಾಗಿ ಅವು ತಾವೇ ಕುಗ್ಗಿ ಹಿಗ್ಗಿ ಕುಣಿಯುತ್ತವೆ, ಉಯ್ಯಾಲೆಯನ್ನು ಸರಿಯಾದ ಕ್ಷಣಕ್ಕೆ ತಳ್ಳಿದಂತೆ ಪೊರೆಯ ಅಲೆಯನ್ನು ಎತ್ತರಿಸುತ್ತವೆ. ವಿಶೇಷವೆಂದರೆ ಈ ಸಹಾಯ ಮೆಲು ದನಿಗೆ ಹೆಚ್ಚು, ಜೋರು ದನಿಗೆ ಬಹಳ ಕಡಿಮೆ.

ಹೀಗೆ ನಾವು ಕೇಳುವ ಸಮಸ್ತವೂ, ಮಳೆಯಿಂದ ಮೊಮ್ಮಗಳ ಪಿಸುಮಾತಿನವರೆಗೆ, ಒಂದು ಕಿವಿಗೆ ಹದಿನೈದು ಸಾವಿರ ಚಿಲ್ಲರೆ ಕೋಶಗಳ ಮೇಲೆ ನಿಂತಿದೆ. ಕಣ್ಣಿನ ಹಿಂಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಹೆಚ್ಚು. ಕಿವಿಗೆ ಅಂಥ ಸಿರಿವಂತಿಕೆ ಇಲ್ಲ. ಕೋಳಿಯ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ. ಮನುಷ್ಯನಲ್ಲಿ ಹುಟ್ಟುವುದಿಲ್ಲ.

*ಕಾಲು, ಹಾಲು, ಸಾಲು, ಪಾಲು*

ಈಗ ನಮ್ಮ ಹಿರಿಯರ ವಿಷಯಕ್ಕೆ ಬರೋಣ. ವಯಸ್ಸಾದಂತೆ ಮೊದಲು ಸಾಯುವುದು ಬಾಗಿಲ ಹತ್ತಿರದ ಕೋಶಗಳು, ಅಂದರೆ ಚೂಪು ದನಿಯವು. ತುದಿಯ ತಗ್ಗು ದನಿಯವು ಬಹುಕಾಲ ಚೆನ್ನಾಗಿಯೇ ಇರುತ್ತವೆ.

ಕಾಲು, ಹಾಲು, ಸಾಲು, ಪಾಲು ಎಂಬ ನಾಲ್ಕು ಪದಗಳನ್ನು ಒಮ್ಮೆ ಹೇಳಿ ನೋಡಿ. "ಆ"ಕಾರ, "ಲು" ಎಲ್ಲದರಲ್ಲೂ ಒಂದೇ. ಸ್ವರಾಕ್ಷರದಲ್ಲಿ ದನಿಯ ಬಲ ಇದೆ, ಅದು ಹೆಚ್ಚಾಗಿ ತಗ್ಗು ಹರ್ಟ್ಸ್‌ನಲ್ಲಿರುತ್ತದೆ. ಅರ್ಥವನ್ನು ಬದಲಿಸುತ್ತಿರುವುದು ಮೊದಲಿನ ಒಂದು ಕ್ಷಣದ ವ್ಯಂಜನ. ಕ, ತ, ಪ, ಸ, ಶ, ಚ ಇವೆಲ್ಲ ಮೆಲು, ಚುಟುಕು, ಮತ್ತು ಇವನ್ನು ಬೇರೆಬೇರೆಯಾಗಿ ಗುರುತಿಸುವ ಅಂಶ 2,000 ಹರ್ಟ್ಸ್‌ನಿಂದ ಮೇಲೆಯೇ ಹೆಚ್ಚು. "ಸ"ಕಾರವಂತೂ 4,000 ದಾಟಿರುತ್ತದೆ. ಬಾಗಿಲ ಬಳಿಯ ಕೋಶ ಹೋದವರಿಗೆ ಈ ನಾಲ್ಕೂ ಪದ "...ಆಲು" ಎಂದು ಕೇಳಿಸುತ್ತದೆ. ಯಾರೋ ಮಾತಾಡಿದರು ಎಂದು ಗೊತ್ತು. ಏನು ಎಂದು ಗೊತ್ತಿಲ್ಲ.

ಆದ್ದರಿಂದಲೇ ಅವರು "ಕೇಳಿಸುತ್ತೆ ಕಣಪ್ಪಾ, ಅರ್ಥ ಆಗಲ್ಲ" ಎನ್ನುತ್ತಾರೆ. ಇದು ವೈದ್ಯಶಾಸ್ತ್ರದ ದೃಷ್ಟಿಯಿಂದ ಅತ್ಯಂತ ನಿಖರವಾದ ವರ್ಣನೆ. ಮಗನ ದಪ್ಪ ದನಿ ಅರ್ಥವಾಗಿ, ಮೊಮ್ಮಗಳ ಕೀಚು ದನಿ ಅರ್ಥವಾಗದಿದ್ದರೆ ಅದು ಪಕ್ಷಪಾತವಲ್ಲ. ಶಾಂತವಾದ ಕೋಣೆಯಲ್ಲಿ ಎದುರಿಗೆ ಕೂತು ಆಡಿದ ಮಾತು ಅರ್ಥವಾಗಿ, ಮಿಕ್ಸಿ ಓಡುತ್ತಿರುವಾಗ ಬೆನ್ನ ಹಿಂದಿನಿಂದ ಕೂಗಿದ್ದು ಅರ್ಥವಾಗದಿದ್ದರೆ ಅದು ನಾಟಕವೂ ಅಲ್ಲ. ಬೇಕಾದ್ದು ಬೇಡದ್ದು ಎಂಬ ಪ್ರಶ್ನೆಯೇ ಇಲ್ಲಿಲ್ಲ.

ಇನ್ನೊಂದು ದೂರು: "ಮೆಲ್ಲಗೆ ಮಾತಾಡಿದ್ರೆ ಏನು ಅಂತಾರೆ, ಸ್ವಲ್ಪ ಜೋರಾಗಿ ಹೇಳಿದ್ರೆ ಯಾಕೆ ಕಿರುಚ್ತೀಯಾ ಅಂತ ಬೈತಾರೆ." ಇದಕ್ಕೂ ಕಾರಣ ಹೊರಸಾಲಿನ ಕೋಶಗಳೇ. ಅವು ಸಹಾಯ ಮಾಡುತ್ತಿದ್ದದ್ದು ಮೆಲು ದನಿಗೆ ಎಂದೆನಲ್ಲ? ಅವು ಹೋದ ಮೇಲೆ ಮೆಲು ದನಿ ಪೂರ್ತಿ ಮಾಯ, ಜೋರು ದನಿ ಮಾತ್ರ ಮೊದಲಿನಷ್ಟೇ ಜೋರು. ಕೇಳಿಸದಿರುವುದಕ್ಕೂ ಕಿವಿ ಗಡಚಿಕ್ಕುವುದಕ್ಕೂ ನಡುವೆ ಇದ್ದ ಅಗಲವಾದ ದಾರಿ ಕಾಲುದಾರಿಯಾಗುತ್ತದೆ. ಆದ್ದರಿಂದ ಕೂಗುವುದರಿಂದ ಪ್ರಯೋಜನವಿಲ್ಲ. ಕೂಗಿದಾಗ ಹೆಚ್ಚುವುದು "ಆ"ಕಾರ, ಬೇಕಾಗಿದ್ದದ್ದು "ಹ"ಕಾರ.

ಊರು ಬಿಟ್ಟು ಬಂದ ನಮಗೆ ಇದರ ಜೊತೆ ಇನ್ನೊಂದು ತೊಡಕಿದೆ. ಎರಡು ಕಿವಿಗಳಿಂದ ಬಂದ ಸಂಕೇತ ಮಿದುಳಿನ ಬುಡದಲ್ಲಿ ಕೂಡುತ್ತದೆ. ಎಡಗಿವಿಗೂ ಬಲಗಿವಿಗೂ ಸದ್ದು ತಲುಪುವ ಸಮಯದಲ್ಲಿ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ವ್ಯತ್ಯಾಸ; ಅಷ್ಟರಿಂದಲೇ ಮಿದುಳು ಸದ್ದಿನ ದಿಕ್ಕು ಹಿಡಿಯುತ್ತದೆ, ಗಲಾಟೆಯ ನಡುವೆ ಒಬ್ಬರ ದನಿಯನ್ನು ಬೇರ್ಪಡಿಸುತ್ತದೆ. ಬಿಟ್ಟುಹೋದ ಅಕ್ಷರಗಳನ್ನು ಆಮೇಲೆ ಊಹೆಯಿಂದ ತುಂಬುತ್ತದೆ. ಹುಟ್ಟಿನಿಂದ ಆಡಿದ ಭಾಷೆಯಾದರೆ ಈ ಊಹೆ ಸಲೀಸು, "...ಆಲು ಕಾಯಿಸಿದ್ಯಾ" ಎಂದರೆ ಹಾಲೇ ಇರಬೇಕು. ಐವತ್ತರ ನಂತರ ಕಲಿತ ಭಾಷೆಯಲ್ಲಿ ಊಹೆಗೆ ಆಧಾರವೇ ಇರುವುದಿಲ್ಲ. ಧಾರವಾಡದಿಂದ ಮಗನ ಮನೆಗೆ ಠಾಣೆಗೆ ಬಂದ ಅವ್ವನಿಗೆ ಕನ್ನಡದಲ್ಲಿ ಹೇಗೋ ನಡೆಯುತ್ತದೆ, ಲಿಫ್ಟಿನಲ್ಲಿ ಸಿಕ್ಕ ಪಕ್ಕದವರ ಮರಾಠಿ ಮಾತ್ರ ಪೂರ್ತಿ ಕಲಸಿಹೋಗುತ್ತದೆ. "ಅವ್ವಗ ಇಲ್ಲಿ ಭಾಷಾ ಹತ್ತವಲ್ದು, ಅದಕ್ಕ ಯಾರ ಜೋಡಿನೂ ಮಾತಾಡಂಗಿಲ್ಲ" ಎಂದು ಮಗ ಹೇಳುತ್ತಾನೆ. ಇಂಥ ಎಷ್ಟೋ ಅವ್ವಂದಿರಿಗೆ ಆಡಿಯೋಮೆಟ್ರಿ ಮಾಡಿಸಿದರೆ ಭಾಷೆಯ ಕೆಳಗೆ ಅಡಗಿದ್ದ ಕಿವಿಯ ತೊಂದರೆ ಹೊರಬೀಳುತ್ತದೆ. ಕಿಟಕಿ ಪಕ್ಕ ಒಬ್ಬರೇ ಕೂರುವುದು, ಫೋನ್ ಬಂದರೆ ಮಗನ ಕೈಗೆ ಕೊಡುವುದು, ಮದುವೆ ಮುಂಜಿಗೆ ಬರುವುದಿಲ್ಲ ಎನ್ನುವುದು, ಇವನ್ನೆಲ್ಲ ಸ್ವಭಾವ ಎಂದುಕೊಂಡು ಬಿಡಬೇಡಿ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಮರೆಗುಳಿತನಕ್ಕೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿದೆ. ಶ್ರವಣದೋಷ ಅದರಲ್ಲಿ ಒಂದು.

ಹಿಯರಿಂಗ್ ಏಡ್ ಎಂದರೆ ಹಳೆಯ ಕಾಲದ ಕೀಂ ಎನ್ನುವ ಡಬ್ಬಿ ಎಂದು ಭಾವಿಸಬೇಡಿ. ಈಗಿನ ಡಿಜಿಟಲ್ ಸಾಧನಗಳು ಯಾವ ಹರ್ಟ್ಸ್ ಕಮ್ಮಿಯಾಗಿದೆಯೋ ಅದನ್ನು ಮಾತ್ರ ಎತ್ತುತ್ತವೆ, ಮೆಲು ದನಿಯನ್ನು ಹೆಚ್ಚು, ಜೋರು ದನಿಯನ್ನು ಕಡಿಮೆ ಹಿಗ್ಗಿಸುತ್ತವೆ. ಹೊರಸಾಲಿನ ಕೋಶ ಮಾಡುತ್ತಿದ್ದದ್ದೂ ಇದೇ ತಾನೇ. ಆದರೆ ಪರೀಕ್ಷೆ ಮಾಡಿಸದೆ ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಯಂತ್ರ ಎಲ್ಲ ಸದ್ದನ್ನೂ ಒಂದೇ ಸಮ ಕೂಗಿಸುತ್ತದೆ, ವಾರದಲ್ಲಿ ಅದು ಕಪಾಟು ಸೇರುತ್ತದೆ. ಒಳ್ಳೆಯ ಸಾಧನಕ್ಕೂ ಮಿದುಳು ಹೊಂದಿಕೊಳ್ಳಲು ಕೆಲವು ವಾರ ಬೇಕು. ವರ್ಷಗಟ್ಟಲೆ ಕೇಳದ ಫ್ಯಾನಿನ ಸದ್ದು, ಪಾತ್ರೆಯ ಸದ್ದು ಒಮ್ಮೆಲೇ ಬಂದರೆ ಯಾರಿಗಾದರೂ ಕಿರಿಕಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮುಂಬೈ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ, ಎರಡೂ ಕೇಂದ್ರ ಸರ್ಕಾರದವು. ಊರಿಗೆ ಹೋದಾಗ ಮೈಸೂರಿನಲ್ಲಿ ತೋರಿಸಿದರೆ ಹಿರಿಯರಿಗೆ ಕನ್ನಡದಲ್ಲೇ ಪದಗಳನ್ನು ಕೇಳಿಸಿ ಪರೀಕ್ಷಿಸಬಹುದು ಎಂಬ ಅನುಕೂಲ ಇದೆ. ಬರೀ ಬೀಪ್ ಸದ್ದಿನ ಪರೀಕ್ಷೆಗಿಂತ ಅದು ಹೆಚ್ಚು ಹೇಳುತ್ತದೆ.

*ಒಂದೇ ರಕ್ತನಾಳದ ಊರು*

ನಾನು ಮೊದಲು ಹೇಳಿದ ಹೃದಯದ ನಂಟು ಇಲ್ಲಿದೆ. ರೋಮಕೋಶಗಳ ಸುತ್ತ ಇರುವ ದ್ರವದಲ್ಲಿ ಸುಮಾರು 80 ಮಿಲಿವೋಲ್ಟ್ ವಿದ್ಯುತ್ ಸದಾ ತುಂಬಿರಬೇಕು, ಅದಿಲ್ಲದಿದ್ದರೆ ರೋಮ ಬಾಗಿದರೂ ಸಂಕೇತ ಹುಟ್ಟದು. ಈ ಬ್ಯಾಟರಿಯನ್ನು ಹಗಲೂ ರಾತ್ರಿ ಚಾರ್ಜ್ ಮಾಡುವುದು ಕಾಕ್ಲಿಯಾದ ಗೋಡೆಯಲ್ಲಿರುವ, ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡ ಒಂದು ಪಟ್ಟಿ. ರೋಮಕೋಶಗಳ ನಡುವೆ ಮಾತ್ರ ರಕ್ತನಾಳ ಹಾಯುವುದಿಲ್ಲ. ಹಾಯ್ದಿದ್ದರೆ ನಮ್ಮ ನಾಡಿಯ ಬಡಿತವೇ ನಮಗೆ ಸದಾ ಕೇಳಿಸುತ್ತಿತ್ತೇನೋ.

ಈ ಇಡೀ ವ್ಯವಸ್ಥೆಗೆ ರಕ್ತ ತರುವುದು ಕೂದಲೆಳೆಯಂಥ ಒಂದೇ ಅಪಧಮನಿ. ಕೈ ಕಾಲಿಗಾದರೆ ಒಂದು ನಾಳ ಕಟ್ಟಿದರೆ ಪಕ್ಕದ ನಾಳ ಸಹಾಯಕ್ಕೆ ಬರುತ್ತದೆ. ಒಳಗಿವಿಗೆ ಅಂಥ ಬದಲಿ ದಾರಿ ಇಲ್ಲ. ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ ಎಂದು ಹಿಂದಿನ ಕಂತುಗಳಲ್ಲಿ ಮತ್ತೆ ಮತ್ತೆ ಬರೆದಿದ್ದೇನೆ. ಹೃದಯ, ಕಿಡ್ನಿ, ಕಣ್ಣಿನ ಜೊತೆ ಆ ಪಟ್ಟಿಗೆ ಕಿವಿಯನ್ನೂ ಸೇರಿಸಿಕೊಳ್ಳಿ.

ನೀವು ಇದನ್ನು ನಾಲ್ಕು ಜನರಿಗೆ ಕಳುಹಿಸುವುದಾದರೆ ಈ ಮುಂದಿನ ಭಾಗಕ್ಕಾಗಿ ಕಳುಹಿಸಿ.

*ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿದರೆ*

ಸ್ಟೆಂಟ್ ಹಾಕಿಸಿಕೊಂಡಿದ್ದ ಒಬ್ಬರು ಮಾಮೂಲಿ ತಪಾಸಣೆಗೆ ಬಂದಿದ್ದರು. ಇಸಿಜಿ ಎಲ್ಲ ಮುಗಿದು, ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು, "ಹಾಂ, ಮರೆತಿದ್ದೆ, ಬಲಗಿವಿ ಕಟ್ಟಿದಂಗಿದೆ ಸಾರ್, ಹದಿನೆಂಟು ದಿನ ಆಯ್ತು. ಬೆಳಗ್ಗೆ ಏಳುವಾಗಲೇ ಹಾಗಿತ್ತು. ಎಸಿ ತಂಪಿಗೆ ಇರಬೇಕು ಅಂತ ಬೆಳ್ಳುಳ್ಳಿ ಎಣ್ಣೆ ಬಿಡ್ತಾ ಇದೀನಿ" ಎಂದರು. ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಕಳುಹಿಸಿದೆ. ಗುಗ್ಗೆ ಇರಲಿಲ್ಲ, ನೆಗಡಿ ಇರಲಿಲ್ಲ. ಒಳಗಿವಿಯ ನರದ ಶ್ರವಣಶಕ್ತಿ ಒಮ್ಮೆಲೇ ಕುಸಿದಿತ್ತು. ಚಿಕಿತ್ಸೆ ಕೊಟ್ಟರೂ ಆ ಕಿವಿ ಬಹಳ ಮಟ್ಟಿಗೆ ವಾಪಸ್ ಬರಲಿಲ್ಲ.

ಇದಕ್ಕೆ ಹಠಾತ್ ಶ್ರವಣನಷ್ಟ ಎನ್ನುತ್ತೇವೆ. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಮೂರು ದಿನದಲ್ಲಿ, ಸಾಮಾನ್ಯವಾಗಿ ಒಂದೇ ಕಿವಿ ಮಂದವಾಗುತ್ತದೆ. ಜೊತೆಗೆ ಗುಂಯ್ ಎಂಬ ಸದ್ದು, ಕಿವಿ ತುಂಬಿದಂಥ ಅನುಭವ, ಕೆಲವರಿಗೆ ತಲೆಸುತ್ತು. ನೋವಿರುವುದಿಲ್ಲ, ಅದೇ ಮೋಸ. ಬಹಳ ಜನರಲ್ಲಿ ಕಾರಣ ಏನೆಂದು ಖಚಿತವಾಗಿ ಸಿಗುವುದೇ ಇಲ್ಲ. ವೈರಸ್ಸು, ರಕ್ತಸಂಚಾರದ ಅಡಚಣೆ ಎಂದು ಊಹಿಸುತ್ತೇವೆ. ಕೆಲವರಿಗೆ ತಾನಾಗಿಯೇ ಸರಿಹೋಗುತ್ತದೆ ಎಂಬುದೂ ನಿಜ. ಯಾರಿಗೆ ಹೋಗುತ್ತದೆ, ಯಾರಿಗೆ ಇಲ್ಲ ಎಂದು ಮೊದಲೇ ಹೇಳಲಾಗದು. ಸ್ಟಿರಾಯ್ಡ್ ಚಿಕಿತ್ಸೆಯಿಂದ ಲಾಭವಾಗುವ ಸಾಧ್ಯತೆ ಹೆಚ್ಚು ಇರುವುದು ಮೊದಲ ಕೆಲವು ದಿನಗಳಲ್ಲಿ, ಎರಡು ವಾರ ದಾಟಿದ ಮೇಲೆ ಆ ಅವಕಾಶ ಬಹಳ ಕುಗ್ಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಈ ಮಾತ್ರೆಯನ್ನು ತಾವಾಗಿಯೇ ನುಂಗಬಾರದು, ಸಕ್ಕರೆ ಏಕಾಏಕಿ ಏರುತ್ತದೆ. ಅಂಥವರಿಗೆ ಕಿವಿತಮಟೆಯ ಮೂಲಕ ಇಂಜೆಕ್ಷನ್ ಕೊಡುವ ದಾರಿಯೂ ಇದೆ.

ಗುಗ್ಗೆಯೋ ನರವೋ ಎಂದು ಮನೆಯಲ್ಲಿ ಅಂದಾಜು ಮಾಡಲು ಒಂದು ಸರಳ ಉಪಾಯವಿದೆ. ಬಾಯಿ ಮುಚ್ಚಿಕೊಂಡು "ಮ್‌ಮ್‌ಮ್" ಎಂದು ಗುನುಗಿ. ಮೊದಲು ಆರೋಗ್ಯವಾಗಿರುವಾಗ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ಗುನುಗಿ ನೋಡಿ: ಸದ್ದು ಮುಚ್ಚಿದ ಕಿವಿಯ ಕಡೆಗೇ ಜಾಸ್ತಿ ಕೇಳಿಸುತ್ತದೆ. ಗುಗ್ಗೆಯಿಂದಲೋ ನೆಗಡಿಯಿಂದಲೋ ಕಟ್ಟಿದ ಕಿವಿಯಲ್ಲೂ ಹೀಗೇ ಆಗುತ್ತದೆ. ಆದರೆ ಒಂದು ಕಿವಿ ಕಟ್ಟಿದಂತಿದ್ದು, ಗುನುಗಿದಾಗ ಸದ್ದು *ಚೆನ್ನಾಗಿರುವ* ಕಿವಿಯ ಕಡೆಗೆ ಜಾಸ್ತಿ ಕೇಳಿಸಿದರೆ ತೊಂದರೆ ನರದ್ದು ಎಂದು ಅನುಮಾನಿಸಿ ಅಂದೇ ಇಎನ್‌ಟಿ ಡಾಕ್ಟರನ್ನು ಕಾಣಿ, ಆಡಿಯೋಮೆಟ್ರಿ ಮಾಡಿಸಿ. ಗೊಂದಲವಿದ್ದರೂ ಹೋಗಿ, ಇದು ಅಂದಾಜಿನ ಪರೀಕ್ಷೆ ಮಾತ್ರ. "ಸೋಮವಾರ ನೋಡೋಣ" ಎನ್ನಬೇಡಿ.

ಕಿವಿ ಮಂದವಾದದ್ದರ ಜೊತೆಗೆ ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ನಡೆಯಲಾಗದಷ್ಟು ಓಲಾಡುವುದು ಇದ್ದರೆ ಅದು ಪಾರ್ಶ್ವವಾಯು ಇರಬಹುದು. ಇಎನ್‌ಟಿ ಕ್ಲಿನಿಕ್ ಹುಡುಕುತ್ತಾ ಕೂರದೆ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಕಿವಿಯಲ್ಲಿ ನಾಡಿಯ ಲಯಕ್ಕೆ ಸರಿಯಾಗಿ "ಧಕ್ ಧಕ್" ಅಥವಾ "ಶೂ ಶೂ" ಎಂದು ಕೇಳಿಸುತ್ತಿದ್ದರೆ ಅದು ಬೇರೆಯೇ ವಿಷಯ. ಮಣಿಕಟ್ಟಿನ ನಾಡಿ ಹಿಡಿದು ತಾಳ ಹೊಂದುತ್ತದೆಯೇ ನೋಡಿ. ಹೊಂದಿದರೆ ಬಿಪಿ, ರಕ್ತಹೀನತೆ, ಥೈರಾಯ್ಡ್, ಕುತ್ತಿಗೆಯ ರಕ್ತನಾಳ ಇವುಗಳ ತಪಾಸಣೆ ಆಗಬೇಕು.

*ಮಾತ್ರೆ, ಎಣ್ಣೆ, ಢೋಲು*

ನನ್ನ ರೋಗಿಗಳು ತಪ್ಪದೆ ಕೇಳುವ ಪ್ರಶ್ನೆ: ಹೃದಯದ ಮಾತ್ರೆಯಿಂದ ಕಿವಿ ಹೋಗುತ್ತದೆಯೇ? ಆಸ್ಪಿರಿನ್ ದೊಡ್ಡ ಪ್ರಮಾಣದಲ್ಲಿ ಕಿವಿಯಲ್ಲಿ ಗುಂಯ್‌ಗುಡಿಸುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನೀವು ದಿನವೂ ತೆಗೆದುಕೊಳ್ಳುವ 75 ಮಿಲಿಗ್ರಾಂ ಅದಕ್ಕೆ ಬಹಳ ಕೆಳಗಿನ ಪ್ರಮಾಣ. ನೀರು ಹೋಗಿಸುವ ಫ್ಯುರೋಸೆಮೈಡ್ ಮುಖ್ಯವಾಗಿ ದೊಡ್ಡ ಡೋಸಿನಲ್ಲಿ ವೇಗವಾಗಿ ರಕ್ತನಾಳಕ್ಕೆ ಕೊಟ್ಟಾಗ, ಅದರಲ್ಲೂ ಕಿಡ್ನಿ ದುರ್ಬಲವಿದ್ದಾಗ ತೊಂದರೆ ಕೊಡುತ್ತದೆ. ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್‌ಗಳು ರೋಮಕೋಶಗಳನ್ನೇ ಶಾಶ್ವತವಾಗಿ ಕೊಲ್ಲಬಲ್ಲವು. ಮನೆಯಲ್ಲಿ ಯಾರಿಗಾದರೂ ಇವುಗಳಿಂದ ಕಿವಿ ಹೋಗಿದ್ದರೆ ಆಸ್ಪತ್ರೆಗೆ ಸೇರುವಾಗ ಡಾಕ್ಟರಿಗೆ ಮೊದಲೇ ಹೇಳಿ, ಈ ಗುಣ ಕೆಲವು ಕುಟುಂಬಗಳಲ್ಲಿ ತಾಯಿಯ ಕಡೆಯಿಂದ ಬರುತ್ತದೆ. ಆದರೆ ಈ ಬರಹ ಓದಿ ಆಸ್ಪಿರಿನ್ ನಿಲ್ಲಿಸಬೇಡಿ. ಸ್ಟೆಂಟ್ ಇದ್ದವರು ಅದನ್ನು ಕೇಳದೆ ನಿಲ್ಲಿಸಿದರೆ ಏನಾಗುತ್ತದೆ ಎಂದು ನಾನು ನೋಡಿದ್ದೇನೆ.

ಬೆಚ್ಚಗಿನ ಎಣ್ಣೆ, ಬಡ್ಸ್, ಹೇರ್‌ಪಿನ್, ರೈಲ್ವೆ ನಿಲ್ದಾಣದ ಹೊರಗೆ ಕಡ್ಡಿ ಹಿಡಿದು ಕೂರುವ ಕಿವಿ ಶುಚಿಯವರು: ಯಾವುದೂ ಬೇಡ. ಗುಗ್ಗೆ ತಾನಾಗಿಯೇ ಹೊರಕ್ಕೆ ಸರಿಯುವ ವ್ಯವಸ್ಥೆ ಇದೆ, ನಾವು ಅದನ್ನು ಒಳಕ್ಕೆ ತಳ್ಳುತ್ತೇವೆ. ತಮಟೆ ತೂತಾಗಿದ್ದವರಿಗೆ ಎಣ್ಣೆ ಬಿಟ್ಟರೆ ಸೋಂಕು ಖಚಿತ ಎಂದೇ ತಿಳಿಯಿರಿ.

ಸದ್ದಿನ ಲೆಕ್ಕ ಸ್ವಲ್ಪ ವಿಚಿತ್ರ. ಡೆಸಿಬೆಲ್ ಮೂರು ಹೆಚ್ಚಿದರೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ. 85 ಡೆಸಿಬೆಲ್ ಇರುವ ಜಾಗದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎಂದರೆ 88ರಲ್ಲಿ ನಾಲ್ಕೇ ಗಂಟೆ, 100ರಲ್ಲಿ ಹದಿನೈದು ನಿಮಿಷ. ಲೋಕಲ್ ಟ್ರೇನಿನ ಗಲಾಟೆಯನ್ನು ಮೀರಿಸಲು ಇಯರ್‌ಫೋನ್ ವಾಲ್ಯೂಮ್ ಏರಿಸುತ್ತೇವಲ್ಲ, ಅಲ್ಲಿದೆ ಅಪಾಯ. ಹೊರಗಿನ ಸದ್ದನ್ನು ತಡೆಯುವ ಇಯರ್‌ಫೋನ್ ಆದರೆ ವಾಲ್ಯೂಮ್ ತಗ್ಗಿಸಿಯೇ ಕೇಳಬಹುದು. ಪುಣೆಯಲ್ಲಿ ಗಣೇಶೋತ್ಸವಕ್ಕೆ ವಾರಗಟ್ಟಲೆ ಮುಂಚೆ ಢೋಲ್ ತಾಶಾ ಅಭ್ಯಾಸ ಶುರುವಾಗುತ್ತದೆ, ನಮ್ಮ ಕನ್ನಡದ ಮಕ್ಕಳೂ ಉತ್ಸಾಹದಿಂದ ಸೇರುತ್ತಾರೆ. ಸೇರಲಿ, ಬೇಡ ಎನ್ನುವುದಿಲ್ಲ. ಕಿವಿಗೆ ಹತ್ತಿ ತುರುಕಿದರೆ ಸಾಲದು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಅನ್ನು ಉಂಡೆ ಹೊಸೆದು ಸರಿಯಾಗಿ ಒಳಗಿಟ್ಟುಕೊಳ್ಳಲಿ. ಅಭ್ಯಾಸ ಮುಗಿಸಿ ಬಂದ ರಾತ್ರಿ ಕಿವಿ ಗುಂಯ್‌ಗುಟ್ಟಿದರೆ ಪೆಟ್ಟು ಬಿದ್ದಿದೆ ಎಂದು ಅರ್ಥ. ಬೆಳಗ್ಗೆ ಸರಿಹೋಯಿತು ಎಂದು ಸಮಾಧಾನಪಡುವ ಹಾಗಿಲ್ಲ: ರೋಮಕೋಶ ಉಳಿದರೂ ಅದನ್ನು ನರಕ್ಕೆ ಜೋಡಿಸುವ ಕೊಂಡಿಗಳು ಕಳಚಿಹೋಗಿರಬಹುದು ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು 2009ರಿಂದ ತೋರಿಸುತ್ತಿವೆ. ಆಡಿಯೋಮೆಟ್ರಿ ಕಾಗದ ನಾರ್ಮಲ್ ಎನ್ನುತ್ತದೆ, ಗಲಾಟೆಯಲ್ಲಿ ಮಾತ್ರ ಮಾತು ಹಿಡಿಯುವುದಿಲ್ಲ.

ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಮಾಡಬಹುದಾದದ್ದು: ಮೊದಲು ಹೆಸರೋ ನೆಂಟಸ್ತಿಕೆಯೋ ಹಿಡಿದು ಕರೆಯಿರಿ, ಅವರು ತಿರುಗಿ ನೋಡಿದ ಮೇಲೆ ಮಾತಾಡಿ, ತುಟಿ ಕಾಣುತ್ತಿರಲಿ. ಟಿವಿ, ಮಿಕ್ಸಿ ನಿಲ್ಲಿಸಿ. ಕೂಗದೆ ನಿಧಾನವಾಗಿ ಹೇಳಿ. ಒಂದು ಸಲ ಅರ್ಥವಾಗದಿದ್ದರೆ ಅದೇ ಪದವನ್ನು ಜೋರಾಗಿ ಮತ್ತೆ ಹೇಳಬೇಡಿ, ಬೇರೆ ಪದದಲ್ಲಿ ಹೇಳಿ. "ಹಾಲು ಬಂತಾ?" ಎಂಬುದು ಹಿಡಿಯದಿದ್ದರೆ "ಹಾಲಿನವನು ಪ್ಯಾಕೆಟ್ ಇಟ್ಟು ಹೋದನಾ?" ಎಂದರೆ ಹಿಡಿಯುತ್ತದೆ, ಯಾಕೆಂದರೆ ಮಿದುಳಿಗೆ ಊಹಿಸಲು ನಾಲ್ಕು ಆಧಾರ ಸಿಕ್ಕಿತು. ಡಾಕ್ಟರ ಬಳಿ ಕರೆತಂದಾಗ ಅವರ ಪರವಾಗಿ ನೀವು ಉತ್ತರಿಸಬೇಡಿ. ನಾನು ಮಾಸ್ಕ್ ತೆಗೆದು, ಕುರ್ಚಿ ಹತ್ತಿರ ಎಳೆದುಕೊಂಡು ಇನ್ನೊಂದು ಸಲ ಕೇಳುತ್ತೇನೆ.

ಒಳಗಿವಿಯ ಇನ್ನರ್ಧ ಭಾಗ ದೇಹದ ಸಮತೋಲನದ್ದು. ತಲೆಸುತ್ತು ಬಂದರೆ ಎಲ್ಲರೂ "ಬಿಪಿ ಲೋ ಆಗಿದೆ" ಎಂದು ಉಪ್ಪು ನಿಂಬೆ ಪಾನಕ ಕುಡಿಸುತ್ತಾರಲ್ಲ, ಆ ವಿಷಯ ಮುಂದಿನ ಕಂತಿನಲ್ಲಿ.